‘ಮುಂದಿನ ನಿಲ್ದಾಣ’ ಎಂದ ದನಿ

ಊರಿನಿಂದ ರಾತ್ರಿ ಬಸ್ಸು ಹತ್ತಿ ಮೊದಲ ಸಲ ಬೆಂಗಳೂರಿನಲ್ಲಿ ಇಳಿದ ನಮ್ಮ ಕರಾವಳಿ ಕಡೆಯವರನ್ನು ಕೇಳಿ ನೋಡಿ. ಆಟೊದವರದ್ದು ಒಂದು ಭಾಷೆ, ಪಿ.ಜಿ. ಮಾಲೀಕರದ್ದು ಇನ್ನೊಂದು, ಇಂಟರ್ನ್‌ಶಿಪ್ ಕೊಟ್ಟ ಕಚೇರಿಯ ಗೇಟಿನಲ್ಲಿ ಮತ್ತೊಂದು. ಮೆಟ್ರೊ ಹತ್ತಿ ಕಂಬ ಹಿಡಿದು ನಿಂತ ಮೇಲೆ ‘ಮುಂದಿನ ನಿಲ್ದಾಣ’ ಎಂದು ಒಂದು ಹೆಣ್ಣು ದನಿ ಕೇಳುತ್ತದೆ. ಗಡಿಬಿಡಿ ಇಲ್ಲ, ಗದರಿಕೆ ಇಲ್ಲ. ಅಷ್ಟು ದೊಡ್ಡ ಊರಿನಲ್ಲಿ ಯಾರೋ ನಮಗಾಗಿಯೇ ನಿಂತು ದಾರಿ ಹೇಳಿದ ಹಾಗೆ ಅನಿಸುತ್ತದೆ.

ಆ ದನಿಯ ಒಡತಿ ಅಪರ್ಣಾ 2024ರ ಜುಲೈ 11ರಂದು ತೀರಿಕೊಂಡರು. ವಯಸ್ಸು 57. ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಮರುದಿನವೂ ರೈಲುಗಳು ಎಂದಿನಂತೆ ಓಡಿದವು, ಒಳಗೆ ಅವರೇ ಮಾತಾಡುತ್ತಿದ್ದರು.

ನಮ್ಮ ವಯಸ್ಸಿನವರಿಗೆ ಅಪರ್ಣಾ ಎಂದರೆ ಒಂದೋ ಮೆಟ್ರೊ, ಇಲ್ಲವೇ ‘ಮಜಾ ಟಾಕೀಸ್’ನ ವರಲಕ್ಷ್ಮಿ. ನಮ್ಮ ಅಪ್ಪ–ಅಮ್ಮಂದಿರಿಗೆ ಅವರು ದೂರದರ್ಶನದ ಚಂದನ. ಈ ಎರಡರ ನಡುವೆ ಸುಮಾರು 40 ವರ್ಷಗಳ ದುಡಿಮೆ ಇದೆ. ಕೆಲಸ ಹುಡುಕುವ ವಯಸ್ಸಿನಲ್ಲಿರುವ ನಾವು ಆ ದುಡಿಮೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು ಎಂದು ನನಗೆ ಅನಿಸಿದೆ. ಯಾಕೆಂದು ಮುಂದೆ ಹೇಳುತ್ತೇನೆ.

ಅವರು ಹುಟ್ಟಿದ್ದು 1966ರಲ್ಲಿ. ತಂದೆ ಸಿನಿಮಾ ಪತ್ರಕರ್ತರು. ಬಣ್ಣ ಹಚ್ಚಿದ ಮೊದಲ ಚಿತ್ರವೇ ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’. ತ.ರಾ.ಸು. ಕಾದಂಬರಿ, ಅಂಬರೀಷ್, ಜಯಂತಿ ಜೊತೆಗೆ ನಟನೆ. ಯಾವ ಹೊಸ ಹುಡುಗಿಗೂ ಇದಕ್ಕಿಂತ ದೊಡ್ಡ ಆರಂಭ ಸಿಗುವುದಿಲ್ಲ. ಆದರೆ ಚಿತ್ರ ಪೂರ್ತಿಯಾಗುವ ಮೊದಲೇ, 1985ರಲ್ಲಿ, ಪುಟ್ಟಣ್ಣ ತೀರಿಹೋದರು. ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಆಮೇಲೂ ಅಪರ್ಣಾ ಸಿನಿಮಾ ಮಾಡಿದರು, ಆದರೆ ಅವರ ಹೆಸರು ನಿಂತದ್ದು ಅಲ್ಲಲ್ಲ. ಕ್ಯಾಮೆರಾ ಮುಂದಿನ ಮುಖವಾಗಿ ಶುರುವಾದವರು ಮೈಕಿನ ಮುಂದೆ ಬಂದು ನಿಂತರು. 1990ರ ದಶಕದಲ್ಲಿ ಆಕಾಶವಾಣಿ, ಚಂದನ, ಜೊತೆಗೆ ಸರ್ಕಾರಿ ಸಮಾರಂಭಗಳ ವೇದಿಕೆ.

ನಿರೂಪಣೆ ಎಂದರೆ ಸುಲಭದ ಕೆಲಸ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಕಾಲೇಜು ಫೆಸ್ಟಿನಲ್ಲಿ ಯಾರಿಗೆ ಈ ಕೆಲಸ ಕೊಡುತ್ತಾರೆ ನೋಡಿ. ಸೀರೆ ಚೆನ್ನಾಗಿ ಉಟ್ಟವರಿಗೆ, ಇಲ್ಲವೇ ಮಾತು ನಿಲ್ಲಿಸದವರಿಗೆ. ಮೊಬೈಲ್ ನೋಡಿಕೊಂಡು ಓದುತ್ತಾರೆ. ನಡುವೆ ಕರೆ ಬಂದರೆ ಪರದೆ ಹೋಗುತ್ತದೆ, ಅತಿಥಿಗಳ ಹೆಸರೂ ಅದರ ಜೊತೆಗೆ ಹೋಗುತ್ತದೆ. 1998ರ ದೀಪಾವಳಿ ಕಾರ್ಯಕ್ರಮದಲ್ಲಿ ಅಪರ್ಣಾ ಸತತ ಎಂಟು ತಾಸು ನಿರೂಪಣೆ ಮಾಡಿದ್ದರು. ಎಂಟು ತಾಸು ಎಂದರೆ ನಮ್ಮ ಕುಮಟಾ, ಹೊನ್ನಾವರ ಕಡೆಯ ಲೆಕ್ಕದಲ್ಲಿ ಒಂದು ರಾತ್ರಿಯ ಯಕ್ಷಗಾನ. ಆಟದಲ್ಲಾದರೆ ವೇಷಧಾರಿ ಚೌಕಿಗೆ ಹೋಗಿ ಒಂದು ಲೋಟ ಚಾ ಕುಡಿದು ಬರಬಹುದು, ಭಾಗವತರೂ ನಡುರಾತ್ರಿಗೆ ಬದಲಾಗುತ್ತಾರೆ.

ಯಕ್ಷಗಾನದ ಮಾತು ಬಂದದ್ದರಿಂದ ಇನ್ನೊಂದು ವಿಷಯ ಹೇಳುತ್ತೇನೆ. ಮಾತು ಎಂದರೆ ನಮ್ಮ ಜಿಲ್ಲೆಯಲ್ಲಿ ತಾಳಮದ್ದಳೆಯ ಅರ್ಥಗಾರಿಕೆ. ಎದುರಿನವನ ವಾದ ಮುರಿಯಬೇಕು, ತನ್ನ ಪಾತ್ರ ಎತ್ತರದಲ್ಲಿ ನಿಲ್ಲಬೇಕು. ನಿರೂಪಕಿಯ ಮಾತು ಇದಕ್ಕೆ ಸರಿಯಾಗಿ ಉಲ್ಟಾ. ಮುಂದೆ ಬರುವ ಹಾಡುಗಾರ, ಕವಿ ಅಥವಾ ಮಂತ್ರಿ ಎತ್ತರವಾಗಿ ಕಾಣಬೇಕು, ತಾನು ಅಲ್ಲ. ಮಂತ್ರಿ ಬರುವುದು ಅರ್ಧ ತಾಸು ತಡವಾದರೆ ಆ ಅರ್ಧ ತಾಸನ್ನು ತುಂಬಬೇಕು, ತುಂಬುತ್ತಿದ್ದೇನೆ ಎಂದು ಯಾರಿಗೂ ಗೊತ್ತಾಗಬಾರದು. ಇಷ್ಟೆಲ್ಲ ಮಾಡಿದವರ ಹೆಸರು ಮರುದಿನದ ಪತ್ರಿಕೆಯ ವರದಿಯಲ್ಲಿ ಕಡೆಯ ಸಾಲಿನಲ್ಲಿ ಬರುತ್ತದೆ, ಜಾಗ ಉಳಿದರೆ.

ಅವರ ಕನ್ನಡ ‘ಸ್ವಚ್ಛ’ ಎಂದು ಎಲ್ಲರೂ ಹೊಗಳುತ್ತಾರೆ. ಎಲೆಕ್ಟ್ರಾನಿಕ್ಸ್ ಓದುವ ನನಗೆ ಈ ಸ್ವಚ್ಛ ಎಂದರೇನು ಎಂಬ ಕುತೂಹಲ. ಹಳೆಯ ಫೋನ್ ಜಾಲ 300ರಿಂದ 3,400 ಹರ್ಟ್ಜ್‌ವರೆಗಿನ ಶಬ್ದವನ್ನಷ್ಟೇ ಸಾಗಿಸುತ್ತದೆ. ‘ಸ’ಕಾರದ ಶಕ್ತಿಯ ಬಹುಪಾಲು ಇರುವುದು 4,000 ಹರ್ಟ್ಜ್‌ನ ಆಚೆ. ಹಾಗಾಗಿ ಫೋನಿನಲ್ಲಿ ‘ಸ’ ಹೇಳಿದರೆ ಆಚೆಯವರಿಗೆ ‘ಫ’ ಕೇಳಿ, ನಾವು ‘ಎಸ್ ಫಾರ್ ಸೀತಾ’ ಎಂದು ಕೂಗುವುದು. ಇನ್ನು ಓಡುವ ರೈಲಿನ ಗದ್ದಲ ಹೆಚ್ಚಾಗಿ ಕೆಳಗಿನ ಕಂಪನಾಂಕದ್ದು. ಅದು ಸ್ವರಗಳನ್ನು ಮುಚ್ಚುತ್ತದೆ, ಆಗ ಮಾತು ಅರ್ಥವಾಗಬೇಕಾದರೆ ವ್ಯಂಜನಗಳು ಗಟ್ಟಿಯಾಗಿರಬೇಕು. ಗಟ್ಟಿ ಎಂದರೆ ಕೂಗುವುದಲ್ಲ. ಕೂಗಿದರೆ ಸ್ವರಗಳು ಇನ್ನಷ್ಟು ಉಬ್ಬುತ್ತವೆ, ವ್ಯಂಜನಗಳು ಇದ್ದಲ್ಲೇ ಇರುತ್ತವೆ. ಒತ್ತಕ್ಷರ ಪೂರ್ತಿ ಮುಗಿಯುವ ತನಕ ಕಾಯುವ ತಾಳ್ಮೆ ಬೇಕು. ‘ಸ್ಪಷ್ಟ’ ಎಂಬ ಪದವನ್ನೇ ಸ್ಪಷ್ಟವಾಗಿ ಹೇಳಿ ನೋಡಿ, ತಿಳಿಯುತ್ತದೆ.

ಇಂಥ ಘೋಷಣೆಗಳನ್ನು ಸಾಮಾನ್ಯವಾಗಿ ತುಂಡು ತುಂಡಾಗಿ ಮುದ್ರಿಸಿ ಜೋಡಿಸುತ್ತಾರೆ. ಎಲ್ಲ ಕಡೆ ಬರುವ ಮಾತು ಒಂದು ತುಂಡು, ಊರಿನ ಹೆಸರು ಇನ್ನೊಂದು ತುಂಡು. ಹೆಸರನ್ನು ವಾಕ್ಯದ ನಡುವೆ ಬಂದ ಹಾಗೆ ಹೇಳಬೇಕೋ, ಕೊನೆಯಲ್ಲಿ ಬಂದ ಹಾಗೆ ಇಳಿಸಬೇಕೋ ಎಂಬುದು ಮೊದಲೇ ನಿಶ್ಚಯವಾಗಿರಬೇಕು. ತಪ್ಪಿದರೆ ಬೆಸುಗೆ ಕಿವಿಗೆ ತಾಗುತ್ತದೆ. ರೈಲ್ವೆ ಸ್ಟೇಷನ್ನುಗಳಲ್ಲಿ ಗಾಡಿಯ ನಂಬರು ಹೇಳುವಾಗ ಒಂದೊಂದು ಅಂಕಿಯೂ ಬೇರೆ ಬೇರೆ ದಿನ ಹುಟ್ಟಿದ ಹಾಗೆ ಕೇಳುವುದನ್ನು ನೀವೂ ಗಮನಿಸಿರಬಹುದು. ಅಪರ್ಣಾ ದನಿಯಲ್ಲಿ ಆ ಬೆಸುಗೆ ನನಗೆ ಎಲ್ಲೂ ಕೇಳಿಲ್ಲ.

ಧಾರಾವಾಹಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಅವು ಬಂದಾಗ ನಾನು ಹುಟ್ಟಿರಲಿಲ್ಲ ಅಥವಾ ತೊಟ್ಟಿಲಿನಲ್ಲಿದ್ದೆ. ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’, ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ ಎರಡರಲ್ಲೂ ಅವರು ಇದ್ದರು. 2013ರಲ್ಲಿ ಕನ್ನಡ ಬಿಗ್ ಬಾಸ್‌ನ ಮೊದಲ ಸೀಸನ್ನಿಗೆ ಹೋದರು. ಆಮೇಲೆ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’. ತಾನೇ ಏಕಮಾತ್ರ ಸೂಪರ್ ಸ್ಟಾರ್ ಎಂದು ನಂಬಿಕೊಂಡ ವರಲಕ್ಷ್ಮಿಯ ಪಾತ್ರ. ಹತ್ತಿಪ್ಪತ್ತು ವರ್ಷ ಗಂಭೀರ ವೇದಿಕೆಗಳಲ್ಲಿ ಬೇರೆಯವರನ್ನು ಹೊಗಳಿ ಪರಿಚಯಿಸಿದ ಹೆಂಗಸು ಇಲ್ಲಿ ತನ್ನನ್ನೇ ಹೊಗಳಿಕೊಂಡು ಜನರನ್ನು ನಗಿಸಿದರು. ಇದು ಅವರ ಒಳ್ಳೆಯ ನಟನೆಗಳಲ್ಲಿ ಒಂದು ಎಂದೇ ನನ್ನ ಅಭಿಪ್ರಾಯ. ‘ಅಚ್ಚಗನ್ನಡದ ಅಪರ್ಣಾ’ ಎಂಬ ಬಿರುದಿನ ಕೆಳಗೆ ಈ ತಮಾಷೆಯ ಹೆಂಗಸು ಮುಚ್ಚಿಹೋಗಬಾರದು.

ಈಗ ಯಾಕೆ ಎಂಬುದಕ್ಕೆ ಬರುತ್ತೇನೆ. ಈ ಸೆಮಿಸ್ಟರಿನಲ್ಲಿ ನಮ್ಮ ನಾಲ್ವರ ಮಿನಿ ಪ್ರಾಜೆಕ್ಟ್, ಬಸ್ಸಿನೊಳಗೆ ನಿಲ್ದಾಣದ ಹೆಸರು ಕನ್ನಡದಲ್ಲಿ ಹೇಳುವ ಸಣ್ಣ ಯಂತ್ರ. ಜಿ.ಪಿ.ಎಸ್. ಜಾಗ ಗುರುತಿಸುತ್ತದೆ, ಸ್ಪೀಕರು ಹೆಸರು ಹೇಳುತ್ತದೆ. ಮಳೆಗಾಲದಲ್ಲಿ ಕಿಟಕಿಯ ಶಟರ್ ಎಳೆದ ಬಸ್ಸಿನಲ್ಲಿ ಹೊರಗೆ ಏನೂ ಕಾಣದೆ ಇಳಿಯುವ ಜಾಗ ದಾಟಿ ಹೋಗುವ ಅಜ್ಜಿಯರು ನಮ್ಮ ಹೊಳನಗದ್ದೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯಂತ್ರ ಸುಲಭ. ದನಿ ಯಾರದು ಎಂಬಲ್ಲಿ ಚರ್ಚೆ ಶುರುವಾಯಿತು. ಒಬ್ಬ ಗೆಳೆಯ ಹೇಳಿದ: ‘ಮೆಟ್ರೊ ವಿಡಿಯೊಗಳು ನೆಟ್‌ನಲ್ಲಿ ರಾಶಿ ಬಿದ್ದಿವೆ. ಅಪರ್ಣಾ ದನಿ ತೆಗೆದು ಮಾಡೆಲ್‌ಗೆ ಹಾಕಿದರೆ ಯಾವ ಊರಿನ ಹೆಸರು ಬೇಕಾದರೂ ಹೇಳುತ್ತದೆ.’ ಇನ್ನೊಬ್ಬಳು ಬೇಡ ಎಂದಳು. ಅವನು ಕೇಳಿದ: ‘ಮಾರಾಯ್ತಿ, ಅವರು ಈಗ ಇಲ್ಲವಲ್ಲ, ಕೇಳುವವರು ಯಾರು?’

‘ಅದಕ್ಕೇ ಬೇಡ’ ಎಂದಳು ಅವಳು.

ಗೆಳೆಯ ಹೇಳಿದ್ದು ತಾಂತ್ರಿಕವಾಗಿ ಸರಿಯೇ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ವಾಲ್-ಈ ಎಂಬ ಮಾದರಿಯನ್ನು ತೋರಿಸಿದಾಗ, ಒಬ್ಬರ ದನಿಯನ್ನು ಅನುಕರಿಸಲು 3 ಸೆಕೆಂಡಿನ ಧ್ವನಿಮುದ್ರಣ ಸಾಕು ಎಂದಿದ್ದರು. 40 ವರ್ಷದಲ್ಲಿ ಪಳಗಿದ್ದನ್ನು 3 ಸೆಕೆಂಡಿನಲ್ಲಿ ಎತ್ತಿಕೊಳ್ಳಬಹುದು ಎಂಬ ಲೆಕ್ಕ ನನಗೆ ಎರಡು ದಿನ ನಿದ್ದೆ ಕೆಡಿಸಿತು. ಪುಳಕವೂ ಆಯಿತು, ಸುಳ್ಳು ಹೇಳುವುದಿಲ್ಲ.

ಲಂಡನ್ನಿನ ಒಂದು ಕಥೆ ಇಲ್ಲಿ ನೆನಪಾಗುತ್ತದೆ. ಅಲ್ಲಿನ ಭೂಗತ ರೈಲಿನಲ್ಲಿ ‘ಮೈಂಡ್ ದಿ ಗ್ಯಾಪ್’ ಎಂಬ ಎಚ್ಚರಿಕೆಗೆ ದನಿ ಕೊಟ್ಟವರಲ್ಲಿ ಆಸ್ವಾಲ್ಡ್ ಲಾರೆನ್ಸ್ ಎಂಬ ನಟರೂ ಒಬ್ಬರು. ಅವರು 2007ರಲ್ಲಿ ತೀರಿಕೊಂಡ ಮೇಲೆ ಪತ್ನಿ ಎಂಬ್ಯಾಂಕ್‌ಮೆಂಟ್ ನಿಲ್ದಾಣದ ಪ್ಲಾಟ್‌ಫಾರ್ಮಿಗೆ ಹೋಗಿ ಆ ದನಿ ಕೇಳುತ್ತ ಕೂರುತ್ತಿದ್ದರು. 2012ರ ಕೊನೆಗೆ ಹೊಸ ವ್ಯವಸ್ಥೆ ಬಂದು ದನಿ ಬದಲಾಯಿತು. ಅವರು ವಿಚಾರಿಸಿದಾಗ ರೈಲಿನವರು ಹಳೆಯ ಧ್ವನಿಮುದ್ರಣ ಹುಡುಕಿ ಕೊಟ್ಟರು, 2013ರಲ್ಲಿ ಆ ಒಂದು ನಿಲ್ದಾಣದಲ್ಲಿ ಅದೇ ದನಿಯನ್ನು ಮತ್ತೆ ಹಾಕಿದರು.

ಓದಿದಾಗ ಯಾರಿಗಾದರೂ ಕಣ್ಣು ತುಂಬುವ ಕಥೆ. ಆದರೆ ಗಮನಿಸಬೇಕಾದದ್ದು ಒಂದಿದೆ. ಉಳಿಸಿಕೊಂಡದ್ದು ಲಾರೆನ್ಸ್ ಬಾಯಾರೆ ಹೇಳಿದ ಮಾತು. ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಯಾರೂ ತುರುಕಲಿಲ್ಲ. ಅಪರ್ಣಾ ಮೆಟ್ರೊಗಾಗಿ ಹೇಳಿದ ಮಾತು ಮೆಟ್ರೊದಲ್ಲಿ ಇನ್ನೂ 50 ವರ್ಷ ಕೇಳಲಿ, ಅದು ಅವರೇ ಒಪ್ಪಿ ಮಾಡಿದ ಕೆಲಸ. ಅವರು ನೋಡದ ಊರಿನ ಹೆಸರನ್ನು ಅವರಿಂದ ಹೇಳಿಸುವುದು ಬೇರೆಯೇ ಸಂಗತಿ. ಇವತ್ತು ಊರಿನ ಹೆಸರು, ನಾಳೆ ಸಾಲದ ಆ್ಯಪಿನ ಜಾಹೀರಾತು.

ಕಾನೂನು ಈಗ ನಿಧಾನವಾಗಿ ಈ ಕಡೆ ತಿರುಗುತ್ತಿದೆ. ಅಪರ್ಣಾ ತೀರಿಕೊಂಡ ಅದೇ 2024ರ ಜುಲೈಯಲ್ಲಿ ಗಾಯಕ ಅರಿಜಿತ್ ಸಿಂಗ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಅನುಮತಿ ಇಲ್ಲದೆ ಎ.ಐ. ಸಾಧನಗಳಿಂದ ಅವರ ದನಿಯನ್ನು ನಕಲು ಮಾಡುವುದಕ್ಕೆ ಮಧ್ಯಂತರ ತಡೆ ನೀಡಿತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲೂ ಪ್ರದರ್ಶಕರ ಹಕ್ಕು ಎಂಬುದೊಂದಿದೆ, 2012ರ ತಿದ್ದುಪಡಿ ಅದನ್ನು ಗಟ್ಟಿ ಮಾಡಿತು. ಅರಿಜಿತ್‌ಗೆ ವಕೀಲರಿದ್ದಾರೆ. ಒಂದು ಕಾರ್ಯಕ್ರಮಕ್ಕೆ ಇಷ್ಟು ಎಂದು ದುಡಿಯುವ ಸಣ್ಣ ನಿರೂಪಕಿಗೆ ಯಾರಿದ್ದಾರೆ?

ಈ ಪ್ರಶ್ನೆ ನಮ್ಮದೂ ಹೌದು. ಈ ಪುಟ ಓದುವವರಲ್ಲಿ ಮೈಕಿನ ಕೆಲಸದ ಆಸೆ ಇರುವವರು ಇರುತ್ತೀರಿ. ಆಕಾಶವಾಣಿಯ ತಾತ್ಕಾಲಿಕ ಉದ್ಘೋಷಕರ ಹುದ್ದೆಗೆ ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ ಎರಡೂ ಇರುತ್ತವೆ, ಪಾಸಾದರೂ ತಿಂಗಳಿಗೆ ಕೆಲವೇ ಪಾಳಿ. ಡಬ್ಬಿಂಗ್, ಜಾಹೀರಾತು, ಆಡಿಯೊ ಪುಸ್ತಕ, ಮದುವೆ ಆರತಕ್ಷತೆಯ ನಿರೂಪಣೆ ಎಲ್ಲ ಸೇರಿಸಿ ತಿಂಗಳು ದೂಡಬೇಕು. ಇದರಲ್ಲಿ ಮೊದಲು ಯಂತ್ರದ ಪಾಲಾಗುವುದು ಸಣ್ಣ ಘೋಷಣೆಗಳೇ. ಹೊಸಬರು ಕೈ ಪಳಗಿಸಿಕೊಳ್ಳುವುದೂ ಅಲ್ಲೇ. ಆ ಮೆಟ್ಟಿಲು ತೆಗೆದ ಮೇಲೆ ಎಂಟು ತಾಸು ನಿಲ್ಲುವ ಇನ್ನೊಬ್ಬರು ಎಲ್ಲಿಂದ ಬರಬೇಕು? ಯಂತ್ರ ಮಾಡುವವರು ನಾವೇ ಆದ್ದರಿಂದ ಉತ್ತರದ ಒಂದು ಪಾಲನ್ನು ನಾವೂ ಹೊರಬೇಕು. ಅಮೆರಿಕದಲ್ಲಿ 2023ರಲ್ಲಿ ನಟರ ಸಂಘ 118 ದಿನ ಮುಷ್ಕರ ಹೂಡಿತ್ತು, ಅದರ ಬೇಡಿಕೆಗಳಲ್ಲಿ ಎ.ಐ. ನಕಲಿಗೆ ಕಡಿವಾಣವೂ ಒಂದು. ನಮ್ಮಲ್ಲಿ ಅಷ್ಟು ದೊಡ್ಡ ಸಂಘಗಳಿಲ್ಲ. ಆದರೆ ದನಿ ಕೊಡುವ ಮೊದಲು ಎಲ್ಲೆಲ್ಲಿ ಬಳಸುತ್ತೀರಿ, ಯಂತ್ರಕ್ಕೆ ಕಲಿಸುತ್ತೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದಕ್ಕೆ ಸಂಘ ಬೇಕಿಲ್ಲ.

ನಮ್ಮ ಯಂತ್ರಕ್ಕೆ ಕೊನೆಗೆ ದನಿ ಕೊಟ್ಟದ್ದು ಬೇಡ ಎಂದವಳೇ. ಹಾಸ್ಟೆಲ್ ಕೋಣೆಯಲ್ಲಿ ಹಾಸಿಗೆ ಗೋಡೆಗೆ ಒರಗಿಸಿ, ಫ್ಯಾನ್ ನಿಲ್ಲಿಸಿ, ಕುಮಟಾದಿಂದ ಭಟ್ಕಳದ ತನಕದ ನಿಲ್ದಾಣಗಳನ್ನು ಮುದ್ರಿಸಿದೆವು. ಈ ಬಸ್ಸಿನ ಯಂತ್ರಕ್ಕೆ ಮಾತ್ರ ಎಂದು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿದ್ದೇವೆ. ಧಾರೇಶ್ವರ, ಕರ್ಕಿ, ಹೊನ್ನಾವರ, ಕಾಸರಕೋಡ, ಮಂಕಿ, ಶಿರಾಲಿ. ಒಂದು ಸಂಜೆಯಲ್ಲಿ ಮುಗಿಯುತ್ತದೆ ಅಂದುಕೊಂಡದ್ದು ಮೂರು ಸಂಜೆ ಹಿಡಿಯಿತು. ಮುರ್ಡೇಶ್ವರದ ‘ರ್ಡೇ’ಗೇ ಹದಿನಾಲ್ಕು ಟೇಕ್. ಅಜ್ಜಿಯರಿಗಾಗಿ ಹೊಳನಗದ್ದೆಯನ್ನೂ ಹೇಳಿಸಿದೆವು. ‘ಳ’ ಸರಿ ಬಂದಿದೆ, ‘ದ್ದೆ’ ಇನ್ನೂ ಸ್ವಲ್ಪ ತೇಲುತ್ತಿದೆ ಎಂದು ಅವಳು ಮತ್ತೆ ಹೇಳುತ್ತೇನೆ ಅನ್ನುತ್ತಿದ್ದಾಳೆ. ಬರುವ ಭಾನುವಾರ ಇನ್ನೊಮ್ಮೆ ಫ್ಯಾನ್ ನಿಲ್ಲಿಸಬೇಕು.