ಕೊಟ್ಟಿಗೆಯಲ್ಲಿ ಕಲಿತ ಕೈಗಳು: ಪಶುಸಂಗೋಪನಾ ಪ್ರಾಯೋಗಿಕ ತರಬೇತಿ ಮತ್ತು ಉದ್ಯಮ

ಹಾಲಿನ ಉತ್ಪನ್ನ, ಪಶು ಆಹಾರ ಹಾಗೂ ಚರ್ಮದ ವ್ಯವಹಾರದಲ್ಲಿ ತೊಡಗಿರುವವರು ಸರಕು ತಮ್ಮ ಬಾಗಿಲಿಗೆ ಬಂದ ನಂತರ ಅದರ ಗುಣಮಟ್ಟವನ್ನು ಪರೀಕ್ಷಿಸುವುದು ವಾಡಿಕೆ. ಆದರೆ ಆ ಗುಣಮಟ್ಟದ ಬಹುಭಾಗವು ಕೊಟ್ಟಿಗೆಯಲ್ಲಿಯೇ ನಿರ್ಧಾರವಾಗಿರುತ್ತದೆ. ಅಲ್ಲಿ ಪಶುವೈದ್ಯರ ಜೊತೆ ದುಡಿಯುವ ತಾಂತ್ರಿಕ ಸಿಬ್ಬಂದಿಯ ತರಬೇತಿಯು ಉದ್ಯಮಿಗಳಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ಕರ್ನಾಟಕದಲ್ಲಿ ಬೀದರ್‌ನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಪಾಲಿಟೆಕ್ನಿಕ್‌ಗಳ ಮೂಲಕ ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ 2 ವರ್ಷಗಳ ಪಶುಸಂಗೋಪನಾ ಡಿಪ್ಲೊಮಾ ಶಿಕ್ಷಣವನ್ನು ನೀಡುತ್ತಿದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯಿದೆಯ ಪ್ರಕಾರ ಇಂತಹ ಅರ್ಹತೆ ಪಡೆದವರು ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಕಿರು ಪಶುವೈದ್ಯ ಸೇವೆಗಳನ್ನು ಸಲ್ಲಿಸಬಹುದು. ರೋಗನಿರ್ಣಯ ಮತ್ತು ಔಷಧ ಸೂಚನೆ ವೈದ್ಯರ ಹೊಣೆ. ಸೂಚನೆಯನ್ನು ಸರಿಯಾಗಿ ಕಾರ್ಯಗತಗೊಳಿಸುವುದು ಇವರ ಹೊಣೆ.

ಈ ಕೆಲಸವನ್ನು ಪುಸ್ತಕದಿಂದಷ್ಟೇ ಕಲಿಯಲಾಗದು. ಕೃತಕ ಗರ್ಭಧಾರಣೆಯನ್ನೇ ಗಮನಿಸಬಹುದು. ದ್ರವ ಸಾರಜನಕದಲ್ಲಿ ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿರುವ ವೀರ್ಯ ನಳಿಕೆಯನ್ನು ಹೊರತೆಗೆದು, 37 ಡಿಗ್ರಿಯ ನೀರಿನಲ್ಲಿ ಸುಮಾರು 30 ಸೆಕೆಂಡು ಇರಿಸಿ, ತಡಮಾಡದೆ ಬಳಸಬೇಕು. ಇಲ್ಲಿ ಕೈ ತಡವರಿಸಿದರೆ ಹಸು ಗಬ್ಬ ನಿಲ್ಲದೆ, ಮುಂದಿನ ಬೆದೆಗಾಗಿ ಸುಮಾರು 21 ದಿನ ಕಾಯಬೇಕಾಗುತ್ತದೆ. ಅಷ್ಟು ದಿನಗಳ ಮೇವಿನ ಖರ್ಚು ರೈತನ ಮೇಲೆ ಬೀಳುತ್ತದೆ. ಹಾಲಿನ ಪೂರೈಕೆಯೂ ಅಷ್ಟೇ ಹಿಂದೆ ಬೀಳುತ್ತದೆ.

ಕೆಚ್ಚಲು ಬಾವಿನ ವಿಷಯವು ಉದ್ಯಮಕ್ಕೆ ಇನ್ನೂ ಹತ್ತಿರದ್ದು. ನಾಲ್ಕೂ ಮೊಲೆಗಳ ಹಾಲನ್ನು ಪ್ರತ್ಯೇಕವಾಗಿ ಪರೀಕ್ಷಾ ದ್ರಾವಣದೊಡನೆ ಬೆರೆಸಿ ನೋಡಿದರೆ, ಕಣ್ಣಿಗೆ ಕಾಣದ ಬಾವನ್ನೂ ಆರಂಭದಲ್ಲಿಯೇ ಗುರುತಿಸಬಹುದು. ಆ್ಯಂಟಿಬಯಾಟಿಕ್ ಚಿಕಿತ್ಸೆ ನೀಡಿದಾಗ, ಔಷಧದ ಚೀಟಿಯಲ್ಲಿ ಸೂಚಿಸಿದ ಅವಧಿಯವರೆಗೆ ಆ ಹಾಲನ್ನು ಮಾರಾಟಕ್ಕೆ ಬಿಡಬಾರದು. ಈ ಎಚ್ಚರಿಕೆಯನ್ನು ರೈತನಿಗೆ ತಿಳಿಸಿ ದಾಖಲಿಸದಿದ್ದಲ್ಲಿ ಔಷಧದ ಅಂಶ ಹಾಲಿನೊಡನೆ ಡೈರಿಗೆ ಸೇರುತ್ತದೆ. ಕಾಯಿಸಿದ ಮಾತ್ರಕ್ಕೆ ಅದು ಸಂಪೂರ್ಣವಾಗಿ ನಾಶವಾಗದು. ಅಂತಹ ಹಾಲಿನಲ್ಲಿ ಹೆಪ್ಪಿನ ಸೂಕ್ಷ್ಮಜೀವಿಗಳು ಬೆಳೆಯದೆ ಮೊಸರು ಸರಿಯಾಗಿ ಗಟ್ಟಿಯಾಗುವುದಿಲ್ಲ. ತಪ್ಪು ಕೊಟ್ಟಿಗೆಯದು, ನಷ್ಟ ಮೊಸರಿನ ಘಟಕದ್ದು.

ಅದೇ ರೀತಿ ಉಣ್ಣೆಗಳ ಕಡಿತದಿಂದ ಚರ್ಮದಲ್ಲಿ ಉಳಿಯುವ ಕಲೆಗಳು ಹದ ಮಾಡಿದ ನಂತರವೂ ಮಾಸದೆ ಬೆಲೆಯನ್ನು ತಗ್ಗಿಸುತ್ತವೆ. ಲಸಿಕೆಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ ಕಾಪಾಡದಿದ್ದರೆ, ಕಾಲುಬಾಯಿ ಜ್ವರದ ವಿರುದ್ಧ ಚುಚ್ಚುಮದ್ದು ಹಾಕಿಸಿಯೂ ಹಾಕಿಸದಂತೆಯೇ ಆಗುತ್ತದೆ.

ಉದ್ಯಮಿಗಳು ಮಾಡಬಹುದಾದ ಕೆಲಸಗಳು ಹಲವಿವೆ. ಸ್ವಂತ ಡೈರಿ ಫಾರಂ ಅಥವಾ ಹಾಲು ಶೀತಲೀಕರಣ ಘಟಕ ಹೊಂದಿರುವವರು ಶಿಕ್ಷಣ ಸಂಸ್ಥೆಗಳೊಡನೆ ಮಾತುಕತೆ ನಡೆಸಿ ವಿದ್ಯಾರ್ಥಿಗಳಿಗೆ ಅಭ್ಯಾಸದ ಅವಕಾಶ ಕಲ್ಪಿಸಬಹುದು. ಮೇವು ಕತ್ತರಿಸುವ ಹಾಗೂ ಹಾಲು ಕರೆಯುವ ಯಂತ್ರಗಳ ತಯಾರಕರು ಯಂತ್ರಗಳನ್ನು ಅಭ್ಯಾಸಕ್ಕೆ ಒದಗಿಸಿದಲ್ಲಿ, ಬಳಕೆಯಲ್ಲಿ ಕಾಣುವ ದೋಷಗಳು ತಯಾರಕರಿಗೇ ತಿಳಿದುಬರುತ್ತವೆ. ಆದರೆ ಪಶುವೈದ್ಯರ ಉಪಸ್ಥಿತಿ, ಕೈಗವಸು, ಪಾದರಕ್ಷೆಗಳ ಶುದ್ಧೀಕರಣ ಮತ್ತು ಹಸುವನ್ನು ಕಟ್ಟಿ ನಿಲ್ಲಿಸುವ ಭದ್ರ ಚೌಕಟ್ಟು ಇಲ್ಲದೆಡೆ ಅಭ್ಯಾಸಕ್ಕೆ ಅವಕಾಶ ನೀಡಬಾರದು. ಕಂದು ಹಾಕಿದ ಹಸುವಿನಿಂದ ಬ್ರುಸೆಲ್ಲಾ ರೋಗವು ಮನುಷ್ಯರಿಗೂ ಹರಡಬಲ್ಲದು.

ಇದನ್ನು ದಾನವೆಂದು ಭಾವಿಸಬೇಕಾಗಿಲ್ಲ. ಕಚ್ಚಾಮಾಲಿನ ಗುಣಮಟ್ಟಕ್ಕಾಗಿ ಮೂಲದಲ್ಲಿಯೇ ಹೂಡುವ ಬಂಡವಾಳವೆಂದು ಪರಿಗಣಿಸುವುದು ಸೂಕ್ತ.