ಪರದೇಶದಲ್ಲಿ ವ್ಯಾಸಂಗ: ಮೊದಲು ಭಾಷೆ, ಆಮೇಲೆ ಹಣ

ಕೊಕ್ಕರೆ ಬೆಳ್ಳೂರು ಹಾಗೂ ಸುತ್ತಣ ಗ್ರಾಮಗಳ ತಂದೆತಾಯಂದಿರೆ,

ಮಕ್ಕಳನ್ನು ಪರದೇಶದ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಬೇಕೆಂಬ ಆಸೆ ಈಗ ಪಟ್ಟಣದವರಿಗೆ ಮಾತ್ರವಲ್ಲ, ಕಬ್ಬು ಬೆಳೆಯುವ ಮನೆಗಳಲ್ಲಿಯೂ ಇದೆ. ಆಸೆ ಒಳ್ಳೆಯದೇ. ಆದರೆ ಜಮೀನು ಅಡವಿಟ್ಟು ಮಧ್ಯವರ್ತಿಗೆ ಮುಂಗಡ ಕೊಡುವುದಕ್ಕೆ ಮುಂಚೆ ಎರಡು ಸಂಗತಿ ತಿಳಿದುಕೊಳ್ಳಿ. ಅಲ್ಲಿ ಪಾಠ ನಡೆಯುವುದು ಯಾವ ಭಾಷೆಯಲ್ಲಿ? ಆ ಭಾಷೆ ಬರುತ್ತದೆಂದು ತೋರಿಸಲು ಯಾವ ಪರೀಕ್ಷೆ ಕೊಡಬೇಕು?

ಇಂಗ್ಲಿಷಿನಲ್ಲಿ ಪಾಠವಿದ್ದರೆ

ಇಂಗ್ಲೆಂಡ್, ಆಸ್ಟ್ರೇಲಿಯ ಮುಂತಾದ ಕಡೆ ಐಇಎಲ್‌ಟಿಎಸ್ ಎಂಬ ಪರೀಕ್ಷೆಯನ್ನು ಒಪ್ಪುತ್ತಾರೆ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ಅದರಲ್ಲಿ ನಾಲ್ಕು ಭಾಗ. ಅತಿ ಹೆಚ್ಚಿನ ಅಂಕ 9. ಅನೇಕ ಪದವಿಗಳಿಗೆ 6ರಿಂದ 7 ಕೇಳುತ್ತಾರೆ. ಸರಾಸರಿ ಚೆನ್ನಾಗಿದ್ದರೂ ಒಂದು ಭಾಗದಲ್ಲಿ ಕಡಿಮೆಯಾದರೆ ಅರ್ಜಿ ತಿರಸ್ಕೃತವಾಗಬಹುದು. ಕನ್ನಡ ಮಾಧ್ಯಮದಲ್ಲಿ ಓದಿದವರೂ ಈ ಪರೀಕ್ಷೆಗೆ ಕೂರಬಹುದು. ಅವರು ಕೇಳುವುದನ್ನೂ ಮಾತನಾಡುವುದನ್ನೂ ದಿನವೂ ಅಭ್ಯಾಸ ಮಾಡಬೇಕು. ಫಲಿತಾಂಶಕ್ಕೆ ಬೆಲೆಯಿರುವುದು 2 ವರ್ಷ ಮಾತ್ರ. ಆದ್ದರಿಂದ ಬಹಳ ಮುಂಚಿತವಾಗಿಯೂ ಬರೆಯಬಾರದು.

ಜರ್ಮನಿಗೆ ಹೋಗುವುದಾದರೆ

ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಊಟ ವಸತಿಯ ವೆಚ್ಚ ನಮ್ಮದು. ಆದರೆ ಮೊದಲ ಪದವಿಯ ಪಾಠ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿಯೇ. ಆ ಭಾಷೆಯ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಿವೆ. ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ಐದನೆಯ ಮೆಟ್ಟಿಲಾದ ಸಿ1 ಕೇಳುತ್ತವೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈ ಭಾಷೆಯನ್ನು ಕಲಿಸುತ್ತಾರೆ, ಪರೀಕ್ಷೆಯನ್ನೂ ನಡೆಸುತ್ತಾರೆ. ಭಾಷೆಯೂ ಕಬ್ಬಿನ ಹಾಗೆ. ನಾಟಿ ಮಾಡಿದ ತಿಂಗಳಿಗೇ ಕಡಿಯಲಾಗದು. ಒಂದೂವರೆ ಎರಡು ವರ್ಷವಾದರೂ ಬೇಕೆಂದು ಲೆಕ್ಕ ಹಾಕಿ.

ವೈದ್ಯ ವ್ಯಾಸಂಗಕ್ಕೆ ಹೋಗುವವರು

ಇಲ್ಲಿ ಎಚ್ಚರಿಕೆ ಹೆಚ್ಚು ಬೇಕು. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಪರದೇಶದಲ್ಲಿ ಓದಿ ಬಂದು ನಮ್ಮ ದೇಶದಲ್ಲಿ ವೈದ್ಯವೃತ್ತಿ ಮಾಡಬೇಕಾದರೆ, ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಅಲ್ಲಿನ ಪಾಠ ಇಂಗ್ಲಿಷಿನಲ್ಲಿಯೇ ನಡೆದಿರಬೇಕು. ಕನಿಷ್ಠ 54 ತಿಂಗಳ ಪಾಠ, ಅದೇ ಸಂಸ್ಥೆಯಲ್ಲಿ 12 ತಿಂಗಳ ತರಬೇತಿಯೂ ಆಗಿರಬೇಕು. ಮೊದಲ ವರ್ಷಗಳಲ್ಲಿ ಇಂಗ್ಲಿಷ್, ಆಮೇಲೆ ಸ್ಥಳೀಯ ಭಾಷೆ ಎಂಬ ಏರ್ಪಾಡಿನಲ್ಲಿ ಓದಿದರೆ, ಪದವಿ ಕೈಗೆ ಬಂದರೂ ಇಲ್ಲಿ ನೋಂದಣಿ ಆಗದೆ ಹೋಗಬಹುದು. ಇನ್ನೊಂದು ಮಾತು: ಪಾಠ ಇಂಗ್ಲಿಷಿನಲ್ಲಿದ್ದರೂ ಅಲ್ಲಿನ ರೋಗಿ ಹೇಳಿಕೊಳ್ಳುವುದು ತನ್ನ ಭಾಷೆಯಲ್ಲಿ. ಅದನ್ನೂ ಒಂದಿಷ್ಟು ಕಲಿಯದೆ ರೋಗ ತಿಳಿಯುವುದು ಹೇಗೆ?

ನೀವು ಮಾಡತಕ್ಕ ಕೆಲಸ

1. ಭಾಷೆಯ ನಿಯಮವನ್ನು ವಿಶ್ವವಿದ್ಯಾನಿಲಯದಿಂದಲೇ ನೇರವಾಗಿ, ಬರವಣಿಗೆಯಲ್ಲಿ ಪಡೆಯಿರಿ. ಮಧ್ಯವರ್ತಿಯ ಬಾಯಿಮಾತು ಸಾಲದು.

2. ಎಲ್ಲ ವರ್ಷಗಳ ಪಾಠವೂ ಯಾವ ಭಾಷೆಯಲ್ಲಿ ಎಂದು ಬಿಡಿಸಿ ಕೇಳಿ.

3. ಪಿ.ಯು.ಸಿ. ಮೊದಲ ವರ್ಷದಲ್ಲಿಯೇ ಕಲಿಕೆ ಆರಂಭಿಸಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ.

4. ಮನೆಯಲ್ಲಿ ಓದಲು ತಿಳಿಯದಿದ್ದರೆ, ಬಂದ ಕಾಗದವನ್ನು ಮಕ್ಕಳ ಉಪಾಧ್ಯಾಯರಿಗೆ ತೋರಿಸಿ, ಅರ್ಥ ತಿಳಿದುಕೊಂಡ ಮೇಲೆಯೇ ಸಹಿ ಹಾಕಿ, ಹಣ ಕಟ್ಟಿ.