ಕವಾಟದ ಶಸ್ತ್ರಚಿಕಿತ್ಸೆಯೂ ಮನಸ್ಸಿನ ಅಳುಕೂ

ಕೊತ್ತವಾಲ್ ಚಾವಡಿಯ ತರಕಾರಿ ಪೇಟೆಯು 1996ರಲ್ಲಿ ಕೋಯಂಬೇಡಿಗೆ ಬಂದಂದಿನಿಂದ ನಮ್ಮವರ ಎಷ್ಟೋ ಹೋಟೆಲುಗಳ ದಿನಚರಿ ಆರಂಭವಾಗುವುದು ಅಲ್ಲಿಯೇ. ನಸುಕಿನಲ್ಲಿ ಬಾಳೆಯೆಲೆಯ ಕಟ್ಟನ್ನೂ ಈರುಳ್ಳಿಯ ಮೂಟೆಯನ್ನೂ ಹೊತ್ತು ನಡೆಯುವವನಿಗೆ ಒಂದು ದಿನ ಹತ್ತು ಹೆಜ್ಜೆಗೇ ಉಸಿರು ಕಟ್ಟುತ್ತದೆ. ಮಲಗಿದರೆ ಏದುಸಿರು, ಎದ್ದು ಕುಳಿತರೆ ತುಸು ಸಮಾಧಾನ, ಪಾದಗಳಲ್ಲಿ ಬಾವು. ಹೃದಯದ ಕವಾಟ ಕೆಟ್ಟಿದೆ, ಶಸ್ತ್ರಚಿಕಿತ್ಸೆ ಆಗಬೇಕು ಎಂದು ವೈದ್ಯರು ಹೇಳಿದೊಡನೆ ಅವನ ಜಂಘಾಬಲವೇ ಉಡುಗುತ್ತದೆ.

ನಿನ್ನೆಯವರೆಗೆ ಚೆನ್ನಾಗಿದ್ದೆನಲ್ಲ ಎಂಬ ಉದ್ಗಾರ ಸಹಜವಾದುದು. ಆದರೆ ಈ ರೋಗವು ನಿನ್ನೆಯದಲ್ಲ. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ಕೀಲುವಾತದ ಜ್ವರವು ಅನೇಕರ ಕವಾಟವನ್ನು ಗಾಯಗೊಳಿಸಿ ಹೋಗಿರುತ್ತದೆ. ಹೃದಯವು ವರುಷಗಟ್ಟಲೆ ಹೆಚ್ಚು ದುಡಿದು ಆ ಕೊರತೆಯನ್ನು ಮರೆಮಾಡುತ್ತದೆ. ಅದಕ್ಕೂ ದಣಿವಾದಾಗ ನಮಗೆ ಎಲ್ಲವೂ ಹಠಾತ್ತಾಗಿ ಕಾಣುತ್ತದೆ.

ಎದೆ ತೆರೆದು ಹೃದಯವನ್ನು ನಿಲ್ಲಿಸುತ್ತಾರೆಂದರೆ ಯಾರಿಗೆ ತಾನೇ ಅಂಜಿಕೆಯಾಗದು? ಆ ಹೊತ್ತಿನಲ್ಲಿ ರಕ್ತವನ್ನು ಶುದ್ಧಗೊಳಿಸಿ ಹರಿಸುವ ಯಂತ್ರವನ್ನು ಅಮೆರಿಕದ ಡಾಕ್ಟರ್ ಗಿಬ್ಬನ್ನರು 1953ರಲ್ಲಿ ಯಶಸ್ವಿಯಾಗಿ ಬಳಸಿದರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾಕ್ಟರ್ ವಲಿಯತ್ತಾನರ ತಂಡವು ಸ್ವದೇಶೀ ಕವಾಟ ತಯಾರಿಸಹೊರಟಾಗ ಮೊದಲ ಮೂರು ಮಾದರಿಗಳು ಕೈಕೊಟ್ಟವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ರೋಗಿಗೆ ಅಳವಡಿಸಲಾಯಿತು. ಅಲ್ಲಿಂದೀಚೆಗೆ ಲಕ್ಷಕ್ಕೂ ಮಿಕ್ಕಿ ಜನ ಅದನ್ನು ಪಡೆದಿದ್ದಾರೆ. ಅಪಾಯ ಇಲ್ಲವೇ ಇಲ್ಲವೆಂದು ನಾವು ಹೇಳಲಾರೆವು. ಆದರೆ ಭಯದಿಂದ ದಿನ ಮುಂದೂಡಿದಷ್ಟೂ ಹೃದಯ ಸೊರಗಿ ಅಪಾಯ ಹೆಚ್ಚುತ್ತದೆ.

ಭಯಕ್ಕೆ ಮದ್ದು ಪ್ರಶ್ನೆ ಕೇಳುವುದು. ಯಾಂತ್ರಿಕ ಕವಾಟವೋ, ಪ್ರಾಣಿಗಳ ಅಂಗಾಂಶದ್ದೋ? ಮೊದಲನೆಯದು ಬಹುಕಾಲ ಬಾಳುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಿರಲು ಜೀವಮಾನವಿಡೀ ಮಾತ್ರೆ ನುಂಗಬೇಕು, ಆಗಾಗ್ಗೆ ರಕ್ತಪರೀಕ್ಷೆ ಆಗಬೇಕು. ಎರಡನೆಯದಕ್ಕೆ ಸಾಮಾನ್ಯವಾಗಿ ಆ ಕಟ್ಟು ಇಲ್ಲ; ಆದರೆ ವರುಷಗಳು ಕಳೆದಂತೆ ಸವೆಯುತ್ತದೆ. ಹುಳುಕು ಹಲ್ಲಿದ್ದರೆ ಮೊದಲೇ ತೋರಿಸಬೇಕು. ಅಲ್ಲಿನ ನಂಜು ಹೊಸ ಕವಾಟಕ್ಕೆ ತಗಲಬಹುದು.

ಇಷ್ಟು ತಿಳಿದರೂ ರೋಗಿಗೆ ನಿದ್ದೆ ಹತ್ತದು. ಊರಿಗೆ ಕಳಿಸಬೇಕಾದ ಹಣ, ಕೋಣೆಯ ಬಾಡಿಗೆ, ಹಿಂದಿರುಗಿದಾಗ ಕೆಲಸ ಉಳಿದೀತೇ ಎಂಬ ಚಿಂತೆ. ಇವು ಶಸ್ತ್ರವೈದ್ಯರ ಕೈಗೆ ನಿಲುಕುವಂಥವಲ್ಲ. ಸೀಳಿದ ಎದೆಯ ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಮೂಟೆ ಹೊರುವಂತಿಲ್ಲ, ದೊಡ್ಡ ಪಾತ್ರೆ ಎತ್ತುವಂತಿಲ್ಲ. ಹೋಟೆಲಿನ ಯಜಮಾನರು ಆಸ್ಪತ್ರೆಗೆ ಹೋಗುವ ಮುನ್ನವೇ ಅವನನ್ನು ಕರೆದು, ಕೆಲಸ ಎಲ್ಲಿಗೂ ಹೋಗದು, ವೈದ್ಯರು ಒಪ್ಪಿದ ಮೇಲೆ ಬಂದು ಗಲ್ಲಾದಲ್ಲಿ ಕುಳಿತರಾಯಿತು ಎಂದು ಹೇಳಲಿ. ಇ.ಎಸ್.ಐ. ಚೀಟಿಯುಳ್ಳವನ ಕಾಗದಪತ್ರಗಳನ್ನು ಗುಮಾಸ್ತರು ಮುಂದಾಗಿ ಸರಿಪಡಿಸಿಕೊಡಲಿ. ಜೊತೆಗಾರರು ಸರದಿಯಂತೆ ಹಾಸಿಗೆಯ ಬಳಿ ಇದ್ದು ಕನ್ನಡದಲ್ಲಿ ನಾಲ್ಕು ಮಾತನಾಡಲಿ.

ಕವಾಟವನ್ನು ಸರಿಪಡಿಸುವ ಹೊಣೆ ವೈದ್ಯರದು. ಈ ಚಿಂತೆಯ ಹೊರೆಯನ್ನು ಇಳಿಸುವ ಹೊಣೆ ನಮ್ಮೆಲ್ಲರದು.